ಅಣ್ಣನ ಸಾರಿಗೆ ಪೊಟ್ಯಾಷ್ ಉಪ್ಪು: ಅಡುಗೆಯವನೊಬ್ಬನ ವಿಮರ್ಶೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ವಿವರ ಆಮೇಲೆ. ಮಾಮೂಲಿ ಉಪ್ಪಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಲವಣ ಬೆರೆಸಿ, ಅಂಗಡಿಯಲ್ಲಿ ‘ಲೋ ಸೋಡಿಯಂ’ ಎಂದು ಮಾರುವ ಉಪ್ಪು ಸಾರು, ಹುಳಿ, ಪಲ್ಯ, ಗೊಜ್ಜುಗಳಿಗೆ ಧಾರಾಳವಾಗಿ ನಡೆಯುತ್ತದೆ. ಮಜ್ಜಿಗೆಗೆ ಆಗದು. ಮಿಡಿ ಉಪ್ಪಿನಕಾಯಿಗೆ ನಾನು ಹಾಕುವುದಿಲ್ಲ. ಕಿಡ್ನಿಯ ತೊಂದರೆ ಇರುವವರಿಗೆ ಅದರಿಂದ ಅಪಾಯವೇ ಇದೆ. ಬೆಲೆ ಮಾಮೂಲಿ ಉಪ್ಪಿನ ಎರಡು ಪಟ್ಟಿಗೂ ಮೇಲೆ. ಪೊಟ್ಟಣದ ಹಿಂಭಾಗದ ಬರಹ ಭೂತಗನ್ನಡಿ ಹಿಡಿದು ಓದುವಂಥದ್ದು. ಇಷ್ಟೆಲ್ಲ ದೂರಿದ್ದರೂ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಈಗ ಇರುವುದು ಅದೇ, ಮುಂದೆಯೂ ಇರುತ್ತದೆ.

ನಾನು ಕುಮಟಾ ತಾಲ್ಲೂಕಿನವನು, ಮದುವೆ, ಉಪನಯನ, ಶ್ರಾದ್ಧಗಳಿಗೆ ಅಡುಗೆ ಮಾಡುವುದು ಕಸುಬು. ಉಪ್ಪಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಸ್ವಲ್ಪ ಗರ್ವ ಉಂಟು. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲಿಗೆ ಕಟ್ಟುವ ಹರಳುಪ್ಪು ನಮ್ಮ ಮನೆಗಳ ಭರಣಿ ತುಂಬಿಸಿದೆ. 1930ರಲ್ಲಿ ಉಪ್ಪು ಮಾಡಿ ಬ್ರಿಟಿಷರನ್ನು ಕೆಣಕಿದ ಅಂಕೋಲೆ ಪಕ್ಕದ ತಾಲ್ಲೂಕು. ಇಂಥ ಕಡೆಯವನಿಗೆ ಪೊಟ್ಟಣದ ಉಪ್ಪೇ ಒಂದು ಮೆಟ್ಟು ಕೆಳಗಿನದು, ಅದರಲ್ಲೂ ಸೋಡಿಯಂ ತೆಗೆದ ಉಪ್ಪು ಎಂದರೆ ಹೇಳುವುದೇ ಬೇಡ. ಅಡುಗೆ ಹುಡುಗರು ಮೊದಲ ಪೊಟ್ಟಣ ನೋಡಿ ನಕ್ಕರು. ನಾನೂ ನಕ್ಕೆ.

ತರಿಸಿದ್ದು ಅಣ್ಣನಿಗಾಗಿ. ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಕೈಕೊಟ್ಟವು. ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿಯೇ: ಮೆದುಳಿನ ದೊಡ್ಡ ಚಿಕಿತ್ಸೆ ಬೇಕೆಂದರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವೆಯೋ ಆಗಬೇಕು. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ, ಆದರೆ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ತಾಸಿನೊಳಗೆ ಬೀಳಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ, ಇದು ಹೆಪ್ಪೋ ರಕ್ತಸ್ರಾವವೋ ಎಂದು ನೋಡಲೇಬೇಕು. ರಕ್ತಸ್ರಾವವಾಗಿದ್ದರೆ ಅದೇ ಚುಚ್ಚುಮದ್ದು ಜೀವ ತೆಗೆದೀತು. ಕುಮಟೆಯಿಂದ ಮಣಿಪಾಲ ಎಂದರೆ ಹೆದ್ದಾರಿ ಖಾಲಿಯಿದ್ದರೂ ಎರಡು ತಾಸಿಗೆ ಮೇಲೆ. ಅದರೊಳಗೆ ‘ಮೊದಲು ನಾಟಿ ಔಷಧಿಯವರಲ್ಲಿಗೆ ಹೋಗೋಣ’ ಎನ್ನುವ ನೆಂಟರು ಬೇರೆ. ಅಣ್ಣನನ್ನು ನೇರವಾಗಿ ಕರೆದುಕೊಂಡು ಹೋದೆವು, ಬದುಕಿಕೊಂಡ, ಈಗ ಕೋಲು ಹಿಡಿದು ತೋಟಕ್ಕೆ ಹೋಗುವಷ್ಟಾಗಿದ್ದಾನೆ. ಇಂಥ ದೂರದಲ್ಲಿ ಇರುವವರಿಗೆ ಎರಡನೇ ಸಲ ಬಾರದಂತೆ ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ ಎಂದು ಮನೆಗೆ ಕಳುಹಿಸುವ ದಿನ ವೈದ್ಯರು ಹೇಳಿದರು. ರಕ್ತದೊತ್ತಡ ಹಿಡಿತದಲ್ಲಿರಲಿ, ಮಾತ್ರೆ ತಪ್ಪದಿರಲಿ, ಉಪ್ಪು ಕಡಿಮೆಯಾಗಲಿ.

ಉಪ್ಪು ಕಡಿಮೆಯಾಗಲಿ ಎಂದು ಹೇಳುವುದಕ್ಕೆ ಅವರಿಗೆ ಅರೆ ನಿಮಿಷ ಸಾಕಾಯಿತು. ಅತ್ತಿಗೆಗೆ ಅದು ದಿನಕ್ಕೆ ಮೂರು ಹೊತ್ತಿನ ಜಗಳವಾಯಿತು. ಎಲ್ಲರಿಗೂ ಒಂದು ಪಾತ್ರೆ ಸಾರು, ಅಣ್ಣನಿಗೆ ಬೇರೆ ಸಣ್ಣ ಪಾತ್ರೆಯಲ್ಲಿ ಸಪ್ಪೆ ಸಾರು. ಊಟಕ್ಕೆ ಕುಳಿತ ಕೂಡಲೇ ಅವನ ಕಣ್ಣು ದೊಡ್ಡ ಪಾತ್ರೆಯ ಮೇಲೆ. ಮಾತು ಸರಿಯಾಗಿ ಬಾರದ ಕಾಲದಲ್ಲೂ ‘ಸಪ್ಪೆ’ ಎಂಬುದು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಎಡಗೈಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವ ವಿದ್ಯೆ ಬೇಗನೇ ಕಲಿತುಕೊಂಡ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಯಾವ ವ್ಯಾಯಾಮಕ್ಕೂ ಅಷ್ಟು ಉತ್ಸಾಹ ತೋರಿಸಿದವನಲ್ಲ.

ಆಗ ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತಿರುವ ಅಣ್ಣನ ಮಗಳು ರಜೆಗೆ ಬಂದವಳು ಈ ಉಪ್ಪಿನ ಸುದ್ದಿ ತೆಗೆದಳು. ‘ಚಿಕ್ಕಪ್ಪ, ಉಪ್ಪನ್ನು ಬಿಡಿಸಲು ಹೋಗಬೇಡಿ, ಉಪ್ಪನ್ನೇ ಬದಲಾಯಿಸಿ’ ಎಂದಳು. ಪೊಟ್ಟಣದ ಮೇಲಿನ ಜಾಹೀರಾತನ್ನು ನಂಬುವವನು ನಾನಲ್ಲ ಎಂದೆ. ಅವಳು ಚೀನಾದ ಅಧ್ಯಯನವೊಂದನ್ನು ತೆಗೆದು ಓದಿ ಹೇಳಿದಳು. ಅದು ನನಗೆ ಹಿಡಿಸಿತು, ಯಾಕೆಂದರೆ ಅದು ಪ್ರಯೋಗಾಲಯದ ಮಾತಲ್ಲ, ಹಳ್ಳಿಯ ಅಡುಗೆಮನೆಯ ಮಾತು.

ಉತ್ತರ ಚೀನಾದ 600 ಹಳ್ಳಿಗಳು. 20,995 ಜನ. ಹೆಚ್ಚಿನವರು ಆಗಲೇ ಒಮ್ಮೆ ಪಾರ್ಶ್ವವಾಯು ಅನುಭವಿಸಿದವರು, ಉಳಿದವರು ಅರವತ್ತು ದಾಟಿದ, ರಕ್ತದೊತ್ತಡ ಇರುವವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪೇ ಮುಂದುವರಿಯಿತು, ಇನ್ನರ್ಧಕ್ಕೆ ಬದಲಿ ಉಪ್ಪನ್ನು ಪುಕ್ಕಟೆ ಕೊಟ್ಟರು. ಅದರಲ್ಲಿ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಮಾಮೂಲಿ ಉಪ್ಪು. ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಐದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಹೀಗೆ ನಡೆಸಿ ಲೆಕ್ಕ ಹಾಕಿದರು. ಮಾಮೂಲಿ ಉಪ್ಪಿನ ಹಳ್ಳಿಗಳಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 34 ಪಾರ್ಶ್ವವಾಯು ಪ್ರಕರಣಗಳಾದರೆ, ಬದಲಿ ಉಪ್ಪಿನ ಹಳ್ಳಿಗಳಲ್ಲಿ ಸುಮಾರು 29. ನೂರಕ್ಕೆ 14ರಷ್ಟು ಇಳಿಕೆ. ಸಾವಿನ ಪ್ರಮಾಣವೂ ನೂರಕ್ಕೆ 12ರಷ್ಟು ಇಳಿಯಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮೊದಲೇ ಪಾರ್ಶ್ವವಾಯು ಆಗಿದ್ದ 15 ಸಾವಿರಕ್ಕೂ ಹೆಚ್ಚು ಜನರನ್ನಷ್ಟೇ ಬೇರೆ ತೆಗೆದು ನೋಡಿದ ಲೆಕ್ಕ 2025ರಲ್ಲಿ ಬಂತು. ಅಲ್ಲಿಯೂ ಮರುಕಳಿಸುವುದು ನೂರಕ್ಕೆ 14ರಷ್ಟೇ ಕಡಿಮೆ. ನಮ್ಮ ಅಣ್ಣ ನಿಂತಿರುವುದು ಆ ಸಾಲಿನಲ್ಲೇ.

ಇದರಲ್ಲಿ ನನ್ನ ಗಮನ ಸೆಳೆದದ್ದು ಅಂಕಿಯಲ್ಲ. ಆ ಹಳ್ಳಿಯವರಿಗೆ ಯಾರೂ ಬಾಯಿ ಕಟ್ಟಿಕೊಳ್ಳಿ ಎಂದು ಕಟ್ಟುಪಾಡು ಮಾಡಲಿಲ್ಲ. ಅದೇ ಅಡುಗೆ, ಅದೇ ಕೈ, ಡಬ್ಬಿಯೊಳಗಿನ ಪದಾರ್ಥ ಮಾತ್ರ ಬೇರೆ. ಮೂವತ್ತು ವರ್ಷ ಜನರಿಗೆ ಬಡಿಸಿದವನಾಗಿ ಹೇಳುತ್ತೇನೆ, ಬೇರೆಯವರ ನಾಲಿಗೆಯನ್ನು ಉಪದೇಶದಿಂದ ತಿದ್ದಿದ ವೈದ್ಯರನ್ನೂ ನೋಡಿಲ್ಲ, ಹೆಂಡತಿಯರನ್ನೂ ನೋಡಿಲ್ಲ. ಇದಕ್ಕೂ ಒಂದು ಪುರಾವೆ ಉಂಟು. ಭಾರತದಲ್ಲೇ ಪಾರ್ಶ್ವವಾಯು ಆದ 4,298 ಜನರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಅರ್ಧ ಜನರಿಗೆ ಮೊಬೈಲಿಗೆ ಸಂದೇಶ, ಆರೋಗ್ಯದ ವಿಡಿಯೋ, ಓದಿಕೊಳ್ಳಲು ಪುಸ್ತಿಕೆ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಮರುಕಳಿಸುವುದರಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ, ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. 2023ರಲ್ಲಿ ಇದೂ ಪ್ರಕಟವಾಗಿದೆ. ಸಂದೇಶ ಕಳುಹಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅತ್ತಿಗೆಯ ಮೂರು ಹೊತ್ತಿನ ಜಗಳಕ್ಕಿಂತ ಡಬ್ಬಿ ಬದಲಾಯಿಸುವುದು ಸುಲಭ ಎಂಬುದು ನನಗೆ ಖಾತ್ರಿಯಾಯಿತು.

ಚೀನಾದ ಅಡುಗೆ ಬೇರೆ, ನಮ್ಮದು ಬೇರೆ ಎಂದು ನಾನು ಕೊಸರಾಡಿದೆ. ಅವಳ ಬಳಿ ಅದಕ್ಕೂ ಉತ್ತರ ಇತ್ತು: ತೆಲಂಗಾಣದ ಸಿದ್ಧಿಪೇಟೆಯ ಹಳ್ಳಿಗಳಲ್ಲಿ ರಕ್ತದೊತ್ತಡ ಇರುವ 502 ಜನರ ಮೇಲೆ ಮೂರು ತಿಂಗಳ ಪರೀಕ್ಷೆ, ನೂರಕ್ಕೆ 30ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪು. ಮೇಲಿನ ಒತ್ತಡ ಸರಾಸರಿ 4.6 ಪಾಯಿಂಟ್ ಇಳಿಯಿತು. ಹುಣಸೆಹುಳಿ, ಖಾರ, ಬೇಳೆ ತಿನ್ನುವ ಜನರ ಮೇಲಿನ ಲೆಕ್ಕ ಅದು. ನನ್ನ ಬಾಯಿ ಕಟ್ಟಿತು.

ಇನ್ನು ಪದಾರ್ಥದ ವಿಷಯ. ಪೇಟೆಯಲ್ಲಿ ನನಗೆ ಸಿಕ್ಕಿದ್ದು ಎರಡು ಬಗೆ: ಸೋಡಿಯಂ ನೂರಕ್ಕೆ 15ರಷ್ಟು ಕಡಿಮೆ ಇರುವುದು ಮತ್ತು 30ರಷ್ಟು ಕಡಿಮೆ ಇರುವುದು. ಕಂಪನಿಗಳ ಹೆಸರು ಬರೆಯುವುದಿಲ್ಲ. ಯಾವ ಊರಿನಲ್ಲಿ ಯಾವುದು ಸಿಗುತ್ತದೋ, ನೀವು ನೋಡಬೇಕಾದ್ದು ಹಿಂಭಾಗದ ಅಕ್ಷರಗಳನ್ನು. ನೂರು ಗ್ರಾಂನಲ್ಲಿ ಸೋಡಿಯಂ 38-39 ಗ್ರಾಂ ಎಂದಿದ್ದರೆ ಮುಂಭಾಗದಲ್ಲಿ ಹೃದಯದ ಚಿತ್ರವಿರಲಿ, ಹಸಿರು ಎಲೆಯಿರಲಿ, ಅದು ಮಾಮೂಲಿ ಉಪ್ಪು. 27ರ ಆಸುಪಾಸು ಇದ್ದರೆ 30ರ ಬಗೆ. ಚೀನಾದಲ್ಲಿ ಕೊಟ್ಟದ್ದು ಈ ಎರಡರ ನಡುವಿನದು, 25. ಹದಿನೈದರದು ಬಳಸಿ ಅಲ್ಲಿನ ಫಲ ನಿರೀಕ್ಷಿಸುವುದು ಅರ್ಧ ಬೆಲ್ಲ ಹಾಕಿ ಪೂರ್ತಿ ಪಾಯಸ ಬಯಸಿದಂತೆ. ನಾನು ತಂದ ಪೊಟ್ಟಣಗಳಲ್ಲಿ ಒಂದರ ಮೇಲೆ ಪೊಟ್ಯಾಸಿಯಂ ಎಷ್ಟಿದೆ ಎಂಬುದು ಅಂಟಿಸಿದ ಜೋಡಣೆಯ ಅಡಿಗೆ ಸಿಕ್ಕಿಬಿದ್ದಿತ್ತು, ಉಗುರಿನಿಂದ ಬಿಡಿಸಿ ಓದಿದೆ.

ಅಂದ ಹಾಗೆ ಸೈಂಧವ ಉಪ್ಪಿನ ಮಾತು. ‘ಬೀಪಿ ಇದ್ದವರು ಸೈಂಧವ ಉಪ್ಪು ತಿನ್ನಬೇಕು’ ಎಂದು ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹೇಳುತ್ತಾರೆ, ಅದಕ್ಕೆ ಮೂರು ನಾಲ್ಕು ಪಟ್ಟು ದುಡ್ಡೂ ಕೊಡುತ್ತಾರೆ. ಆ ಗುಲಾಬಿ ಬಣ್ಣದ ಕಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ. ನಮ್ಮ ಸಾಣಿಕಟ್ಟೆಯದೂ ಅಷ್ಟೇ, ಅಭಿಮಾನ ಬೇರೆ, ರಸಾಯನಶಾಸ್ತ್ರ ಬೇರೆ. ರುಚಿಗೆ ಬೇಕಾದರೆ ತಿನ್ನಿ. ರಕ್ತನಾಳಕ್ಕೆ ಬಣ್ಣ ಕಾಣುವುದಿಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಎಂದರೇನು ಎಂದು ಅಣ್ಣನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಅಡಿಕೆ ತೋಟದವನಲ್ಲವೇ, ಪೊಟ್ಟಣ ತಿರುಗಿಸಿ ಓದಿಸಿಕೊಂಡು, ‘ತೋಟಕ್ಕೆ ಹಾಕುವ ಪೊಟ್ಯಾಷನ್ನು ನನ್ನ ಸಾರಿಗೆ ಹಾಕುತ್ತೀಯೇನೋ?’ ಎಂದು ಕೇಳಿದ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಮೂಲದಲ್ಲಿ ಅದೇ ಲವಣ ಎಂಬುದು ನಿಜ. ಆದರೆ ತಿನ್ನುವ ಉಪ್ಪಿಗೆ ಬೆರೆಸುವುದು ಶುದ್ಧಿ ಮಾಡಿದ, ಆಹಾರಕ್ಕೆಂದೇ ತಯಾರಾದ ಪದಾರ್ಥ. ಯಾರೂ ಗೊಬ್ಬರದ ಚೀಲಕ್ಕೆ ಕೈ ಹಾಕಿ ಮನೆಯಲ್ಲೇ ಬೆರಕೆ ಮಾಡಲು ಹೊರಡಬಾರದು ಎಂದು ಇಲ್ಲೇ ಬರೆದಿಡುತ್ತೇನೆ. ನಮ್ಮ ಕಡೆ ಅಂಥ ಜಾಣರಿಗೇನೂ ಕೊರತೆಯಿಲ್ಲ.

ರುಚಿ ನೋಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ಅಧಿಕಾರವಿರುವುದು ಇಲ್ಲಿಯೇ. ದೇವಕಾರ್ಯದ ಅಡುಗೆಯಲ್ಲಿ ನೈವೇದ್ಯಕ್ಕೆ ಮೊದಲು ನಾವು ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪಿನ ಅಳತೆ ಬಾಯಲ್ಲಿಲ್ಲ, ಮುಷ್ಟಿಯಲ್ಲಿದೆ. ಇಷ್ಟು ಕೊಳಗ ಹುಳಿಗೆ ಹರಳುಪ್ಪು ಇಷ್ಟು ಮುಷ್ಟಿ, ಪುಡಿಯುಪ್ಪಾದರೆ ಸ್ವಲ್ಪ ಕಮ್ಮಿ, ಅಷ್ಟೇ ಲೆಕ್ಕ. ಈ ಹೊಸ ಉಪ್ಪನ್ನು ಮೊದಲು ಬರೇ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದೆ. ಶುರುವಿಗೆ ಉಪ್ಪೇ. ಅದು ಕರಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿಯ ಒಂದು ಎಳೆ, ಜೊತೆಗೆ ಹಿತ್ತಾಳೆ ಚಮಚ ನೆಕ್ಕಿದಂಥ ಲೋಹದ ವಾಸನೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರಿಗೆ ಆಸ್ಪತ್ರೆಯಲ್ಲಿ ಕುಡಿಸುವ ಸಿರಪ್ಪೂ ಇದೇ ಲವಣದ್ದು ಎಂದು ಹುಡುಗಿ ಹೇಳಿದಳು. ಅದನ್ನು ಕುಡಿದು ಮುಖ ಕಿವುಚಿದವರಿಗೆ ನಾನು ಹೇಳುವುದು ತಿಳಿಯುತ್ತದೆ.

ಆಮೇಲೆ ಒಂದೊಂದೇ ಅಡುಗೆ. ಟೊಮೆಟೊ ಸಾರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಅಪ್ಪೆಹುಳಿಯಲ್ಲಿ ಮಾವಿನ ಹುಳಿಯೂ ಇಂಗಿನ ಒಗ್ಗರಣೆಯೂ ಕಹಿಯನ್ನು ಪೂರ್ತಿ ನುಂಗಿಬಿಡುತ್ತವೆ. ಹುಳಿ ಇದ್ದಲ್ಲಿ, ಹುರಿದ ಮಸಾಲೆ ಇದ್ದಲ್ಲಿ, ಬೆಲ್ಲದ ಚೂರು ಬಿದ್ದಲ್ಲಿ ಈ ಉಪ್ಪು ಸಲೀಸು. ಹಾಗಲಕಾಯಿ ಗೊಜ್ಜಿನ ಮಾತು ಬಿಡಿ, ಅಲ್ಲಿ ಕಹಿಗೆ ಯಾರು ಹೊಣೆ ಎಂದು ಯಾರಿಗೂ ತಿಳಿಯುವುದಿಲ್ಲ. ಒಂದೆಲಗದ ತಂಬುಳಿ ಅಂಚಿನಲ್ಲಿ ನಿಂತಿದೆ: ಕಾಯಿ ತುಸು ಹೆಚ್ಚು ಹಾಕಿ, ಜೀರಿಗೆ, ಕಾಳುಮೆಣಸು ಹುರಿದರೆ ಪಾರಾಗುತ್ತದೆ. ಗಂಜಿ ಪಾರಾಗುವುದಿಲ್ಲ. ನೀರು ಮಜ್ಜಿಗೆಯಂತೂ ಪೂರ್ತಿ ಸೋಲು. ತೆಳ್ಳಗಿನ, ತಣ್ಣಗಿನ, ಮರೆಮಾಚಲು ಏನೂ ಇಲ್ಲದ ಪದಾರ್ಥದಲ್ಲಿ ಆ ಲೋಹದ ರುಚಿ ತಲೆಯೆತ್ತಿ ಕೂರುತ್ತದೆ. ಮಜ್ಜಿಗೆಗೆ ನಾವೀಗ ಶುಂಠಿ, ಕರಿಬೇವು, ಲಿಂಬೆ ಎಲೆ ಜಜ್ಜಿ ಹಾಕುತ್ತೇವೆ. ಉಪ್ಪನ್ನೇ ಹಾಕುವುದಿಲ್ಲ. ಅಣ್ಣ ಅದಕ್ಕೆ ಒಗ್ಗಿಕೊಂಡ, ನನಗೆ ಇನ್ನೂ ಒಗ್ಗಿಲ್ಲ.

ಒಂದು ದಿನ ಎರಡು ಪಾತ್ರೆಯಲ್ಲಿ ಒಂದೇ ಸಾರು ಮಾಡಿ, ಒಂದಕ್ಕೆ ಹಳೆಯ ಉಪ್ಪು, ಇನ್ನೊಂದಕ್ಕೆ 30ರ ಉಪ್ಪು ಹಾಕಿ, ಯಾರಿಗೂ ಹೇಳದೆ ಬಡಿಸಿದೆ. ಅತ್ತಿಗೆ ಎರಡೂ ಒಂದೇ ಎಂದರು. ನನ್ನ ಹೆಂಡತಿ ಹೊಸ ಉಪ್ಪಿನದೇ ಚೆನ್ನಾಗಿದೆ ಎಂದಳು. ಅಣ್ಣ ಮಾತ್ರ ಎರಡನ್ನೂ ಸುರಿದುಕೊಂಡು, ಕೊನೆಗೆ ಎಡಗೈ ಬೆರಳನ್ನು ಸರಿಯಾದ ಪಾತ್ರೆಯ ಕಡೆಗೇ ತೋರಿಸಿ ‘ಪೊಟ್ಯಾಷ್’ ಎಂದ. ಅವನ ನಾಲಿಗೆ ನನ್ನದಕ್ಕಿಂತ ಚುರುಕು, ಮೊದಲಿನಿಂದಲೂ. ಆದರೆ ತಟ್ಟೆ ಖಾಲಿ ಮಾಡಿದ್ದ. ಸಣ್ಣ ಪಾತ್ರೆ ಅಂದಿನಿಂದ ಅಟ್ಟ ಸೇರಿತು. ಇಡೀ ಮನೆಗೆ ಒಂದೇ ಸಾರು. ಈ ಉಪ್ಪಿಗೆ ನಾನು ಕೊಡುವ ಅಂಕಗಳಲ್ಲಿ ಹೆಚ್ಚಿನವು ಇದಕ್ಕೇ. ಪಂಕ್ತಿಯಲ್ಲಿ ಒಬ್ಬನಿಗೆ ಬೇರೆ ಬಡಿಸಿದರೆ ಅವನು ರೋಗಿಯಾಗುತ್ತಾನೆ.

ಇದರಲ್ಲಿ ಒಂದು ಮೋಸದ ಜಾಗ ಇದೆ. ಪೊಟ್ಯಾಸಿಯಂ ಉಪ್ಪಿಗೆ ಉಪ್ಪುತನ ಕಡಿಮೆ. ಅಡುಗೆ ಮಾಡುವವರ ಕೈ ತಾನಾಗಿಯೇ ಇನ್ನೊಂದು ಚಿಟಿಕೆ ಹಾಕುತ್ತದೆ. ಹೀಗೆ ಮೂರಕ್ಕೆ ನಾಲ್ಕು ಚಮಚ ಮಾಡಿದಿರೋ, ಸೋಡಿಯಂ ಹೆಚ್ಚುಕಡಿಮೆ ಎಲ್ಲಿತ್ತೋ ಅಲ್ಲಿಗೇ ಬಂತು; ಪೊಟ್ಯಾಸಿಯಂ ಮಾತ್ರ ಮೇಲಿಂದ ಹೆಚ್ಚಾಯಿತು. ಡಬ್ಬಿಯಲ್ಲಿ ಒಂದೇ ಅಳತೆಯ ಚಮಚ ಇಟ್ಟು, ಹಳೆಯ ಲೆಕ್ಕಕ್ಕಿಂತ ಮೀರಬಾರದೆಂದು ಮಾಡಿಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಸುಮಾರು ಒಂದು ಟೀ ಚಮಚ. ಭಾರತೀಯರು ತಿನ್ನುವುದು ಸರಾಸರಿ 8 ಗ್ರಾಂ ಎಂದು ರಾಷ್ಟ್ರೀಯ ಸಮೀಕ್ಷೆಯೊಂದು ಕಂಡುಕೊಂಡಿದೆ. ನಮ್ಮ ಮನೆಯಲ್ಲಿ ತಿಂಗಳಿಗೆ ಖಾಲಿಯಾಗುತ್ತಿದ್ದ ಉಪ್ಪನ್ನು ತಲೆಗೆ ಹಂಚಿ ನೋಡಿದರೆ ಅದಕ್ಕೂ ಮೇಲೆ ಹೋಯಿತು. ಅದರಲ್ಲಿ ಹಪ್ಪಳ, ಬಾಳಕ, ಉಪ್ಪಿನಕಾಯಿ ಸೇರಿಯೇ ಇರಲಿಲ್ಲ.

ಉಪ್ಪಿನಕಾಯಿಯ ವಿಷಯಕ್ಕೆ ಬಂದರೆ ನಾನು ಹಟಮಾರಿ. ಚೀನಾದ ಹಳ್ಳಿಯವರಿಗೆ ಅಡುಗೆಗಷ್ಟೇ ಅಲ್ಲ, ತರಕಾರಿಯನ್ನು ಉಪ್ಪಿನಲ್ಲಿ ಹಾಕಿಡುವುದಕ್ಕೂ ಸಾಕಾಗುವಷ್ಟು ಬದಲಿ ಉಪ್ಪನ್ನು ಕೊಟ್ಟಿದ್ದರಂತೆ. ಅದನ್ನು ಕೇಳಿ ಒಂದು ಸಣ್ಣ ಬಾಟಲಿ ಲಿಂಬೆ ಉಪ್ಪಿನಕಾಯಿಯನ್ನು ಹೊಸ ಉಪ್ಪಿನಲ್ಲೇ ಹಾಕಿದೆ. ಕೆಡಲಿಲ್ಲ, ಖಾರ ಬಿದ್ದ ಮೇಲೆ ಕಹಿಯೂ ಲಿಂಬೆ ಸಿಪ್ಪೆಯದ್ದೇ ಎನ್ನಿಸಿತು, ಬೇಗ ತಿಂದು ಮುಗಿಸಿದೆವು. ಆದರೆ ಅಪ್ಪೆಮಿಡಿ ಬೇರೆ. ಮಿಡಿ ಉಪ್ಪಿನಲ್ಲಿ ಬಿದ್ದು, ನೀರು ಬಿಟ್ಟು, ಸುಕ್ಕುಗಟ್ಟಿ, ವರ್ಷಗಟ್ಟಲೆ ನಿಲ್ಲಬೇಕು. ಕಾಡಿನ ಮರದ ಮಿಡಿಯ ಬೆಲೆ ಇಂದು ಏನಿದೆ ಎಂಬುದು ಕೊಂಡವರಿಗೇ ಗೊತ್ತು. ಅದರ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಮಿಡಿಗೆ ಸಾಣಿಕಟ್ಟೆಯ ಹರಳುಪ್ಪೇ. ಅದಕ್ಕೆ ಬದಲು ಅಣ್ಣನಿಗೆ ವಾರಕ್ಕೊಮ್ಮೆ ಒಂದು ಮಿಡಿಯ ಅರ್ಧ, ತೊಳೆದು. ಮಿಡಿ ತೊಳೆದು ಕೊಡುವುದು ಅಪಚಾರ ಎಂದು ಅವನು ಈಗಲೂ ಮುನಿಸಿಕೊಳ್ಳುತ್ತಾನೆ.

ಡಬ್ಬಿ ಬದಲಾಯಿಸಿದರೂ ಬೇರೆ ದಾರಿಗಳಲ್ಲಿ ಸೋಡಿಯಂ ಬರುತ್ತಲೇ ಇರುತ್ತದೆ, ಅದನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಹಲಸಿನ ಹಪ್ಪಳ, ಬೇಕರಿಯ ಖಾರ ಬಿಸ್ಕೆಟ್, ಬ್ರೆಡ್, ಅಕ್ಕಪಕ್ಕದ ಮನೆಗಳಲ್ಲಾದರೆ ಒಣಮೀನು. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಹೆಸರಿನಲ್ಲೇ ಇದೆ. ಮದುವೆ ಊಟ ಜಡಿದ ಮೇಲೆ ಗ್ಯಾಸ್ ಎಂದು ನೀರಿಗೆ ಹಾಕಿ ನೊರೆಯುಕ್ಕಿಸಿ ಕುಡಿಯುವ ಪುಡಿಯಲ್ಲೂ ಇದೆ. ಅಣ್ಣ ಅದನ್ನು ದಿನಾ ಕುಡಿಯುತ್ತಿದ್ದ. ಅದು ಔಷಧಿಯೆಂದೇ ಅವನ ನಂಬಿಕೆಯಾಗಿತ್ತು.

ಈಗ ಈ ಪೊಟ್ಟಣದ ಮೇಲಿನ ನನ್ನ ದೊಡ್ಡ ಸಿಟ್ಟು. ಪೊಟ್ಯಾಸಿಯಂ ಆರೋಗ್ಯವಂತ ಕಿಡ್ನಿಗೆ ಭಾರವಲ್ಲ, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಏರುತ್ತಾ ಹೋಗಿ ಹೃದಯದ ಬಡಿತವನ್ನು ಕೆಡಿಸುತ್ತದೆ, ಪ್ರಾಣಕ್ಕೇ ತರಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ಬೇಡ ಎನ್ನುವುದು ಇದೇ ಕಾರಣಕ್ಕೆ. ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಹಿಡಿದಿಡುತ್ತವೆ: ಸ್ಪೈರೊನೊಲ್ಯಾಕ್ಟೋನ್ ಒಂದು. ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಕೂಡ ಸ್ವಲ್ಪ ಮಟ್ಟಿಗೆ. ಅಣ್ಣ ತೆಗೆದುಕೊಳ್ಳುವುದು ಟೆಲ್ಮಿಸಾರ್ಟನ್. ಹಾಗಾಗಿ ಪೊಟ್ಟಣ ಒಡೆಯುವ ಮೊದಲು ವೈದ್ಯರನ್ನು ಕೇಳಿದೆವು. ಅವರು ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಬರೆದುಕೊಟ್ಟರು. ವರದಿ ಸರಿಯಿದೆ ಎಂದು ಕಂಡ ಮೇಲೆ ಒಪ್ಪಿದರು, ಶುರು ಮಾಡಿ ಕೆಲವು ವಾರಗಳ ಮೇಲೆ ಮತ್ತೊಮ್ಮೆ ನೋಡಿದರು. ಪೊಟ್ಯಾಸಿಯಂ 5ರೊಳಗೇ, ಅಂದರೆ ಮಿತಿಯಲ್ಲೇ ಇತ್ತು. ಚೀನಾದ ಅಧ್ಯಯನದಲ್ಲೂ ಪೊಟ್ಯಾಸಿಯಂ ಏರಿ ತೊಂದರೆಯಾದವರು ಬದಲಿ ಉಪ್ಪಿನ ಗುಂಪಿನಲ್ಲಿ ಹೆಚ್ಚಾಗಿರಲಿಲ್ಲ. ಆದರೆ ಅಲ್ಲಿ ಗಂಭೀರ ಕಿಡ್ನಿ ಕಾಯಿಲೆಯವರನ್ನೂ ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ತಿನ್ನುವವರನ್ನೂ ಮೊದಲೇ ಹೊರಗಿಟ್ಟಿದ್ದರು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಯಡುಗೆಗೆ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಾಗಲೂ ಮಕ್ಕಳು, ಗರ್ಭಿಣಿಯರು, ಕಿಡ್ನಿ ತೊಂದರೆಯವರು ಇದರಲ್ಲಿ ಸೇರಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಇಷ್ಟು ದೊಡ್ಡ ಮಾತನ್ನು ನಾನು ಕೊಂಡ ಪೊಟ್ಟಣದ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಮುದ್ರಿಸಿದ್ದರು. ಮುಂಭಾಗದಲ್ಲಿ ನಗುವ ಕುಟುಂಬದ ಚಿತ್ರಕ್ಕೆ ಅಂಗೈಯಗಲ ಜಾಗ ಕೊಟ್ಟಿದ್ದಾರೆ. ಕಿಡ್ನಿ ಎಂಬ ಎರಡಕ್ಷರವನ್ನು ಕನ್ನಡದಲ್ಲಿ ಹಾಕಲು ಜಾಗ ಸಿಗಲಿಲ್ಲ. ಅಂಗಡಿಯವನಿಗೂ ಗೊತ್ತಿಲ್ಲ, ಬೀಪಿಗೆ ಒಳ್ಳೆಯದು ಎಂದಷ್ಟೇ ಹೇಳಿ ಕೊಡುತ್ತಾನೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋಲಲು ಶುರುವಾಗಿರುವ, ಅದು ತನಗೇ ಗೊತ್ತಿಲ್ಲದ ಎಷ್ಟು ಜನ ನಮ್ಮ ಊರಿನಲ್ಲಿಲ್ಲ?

ಇದೇ ಕಾರಣಕ್ಕೆ ಮದುವೆ ಮನೆಯಲ್ಲಿ ಈ ಉಪ್ಪನ್ನು ನಾನು ಬಳಸುವುದಿಲ್ಲ. ಒಬ್ಬ ಯಜಮಾನರು, ಆರೋಗ್ಯದ ಬಗ್ಗೆ ಬಹಳ ಓದಿಕೊಂಡವರು, ಮಗನ ಮದುವೆಗೆ ಪೂರ್ತಿ ಲೋ ಸೋಡಿಯಂ ಅಡುಗೆ ಆಗಲಿ, ಉಪ್ಪಿನ ಖರ್ಚು ಬೇರೆ ಕೊಡುತ್ತೇನೆ ಎಂದರು. ‘ಬೇಡ, ರಾಯರೇ’ ಎಂದೆ. ಐನೂರು ಎಲೆ ಹಾಕುವಲ್ಲಿ ಯಾರ ಕಿಡ್ನಿ ಹೇಗಿದೆಯೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅದರ ಬದಲು ಎಲ್ಲ ಅಡುಗೆಗೂ ಮಾಮೂಲಿ ಉಪ್ಪನ್ನೇ ಮುಷ್ಟಿಗೆ ಕಾಲು ಭಾಗ ಕಮ್ಮಿ ಹಾಕಿದೆ. ಎಲೆಯ ತುದಿಯಲ್ಲಿ ಉಪ್ಪು ಬಡಿಸುವ ಕ್ರಮ ಹೇಗೂ ಇದೆಯಲ್ಲ, ಬೇಕಾದವರು ಕಲಸಿಕೊಳ್ಳುತ್ತಾರೆ. ಯಾರೂ ದೂರಲಿಲ್ಲ. ಹೋಳಿಗೆ ಮಾತ್ರ ಇನ್ನೊಂದು ಹಾಕಬಹುದಿತ್ತು ಎಂದರು.

ಅಣ್ಣನ ರಕ್ತದೊತ್ತಡ ಇಳಿದಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಳಿದಿದೆ, ಮನೆಯ ಯಂತ್ರದಲ್ಲಿ ಈಗ 130ರ ಆಸುಪಾಸು ನಿಲ್ಲುತ್ತದೆ. ಆದರೆ ನಡುವೆ ಮಾತ್ರೆಯ ಪ್ರಮಾಣವನ್ನೂ ಹೆಚ್ಚಿಸಿದ್ದಾರೆ, ನೊರೆಪುಡಿ ಬಿಟ್ಟಿದ್ದಾನೆ, ಬೆಳಿಗ್ಗೆ ಸಂಜೆ ತೋಟದವರೆಗೆ ನಡೆಯುತ್ತಾನೆ. ಇದರಲ್ಲಿ ಉಪ್ಪಿನ ಪಾಲು ಇಷ್ಟು ಎಂದು ಒಂದು ಮನೆಯ ಲೆಕ್ಕದಿಂದ ತೆಗೆಯಲು ಬರುವುದಿಲ್ಲ, ಅದಕ್ಕೇ ಅಲ್ಲವೇ ಇಪ್ಪತ್ತು ಸಾವಿರ ಜನರನ್ನು ಐದು ವರ್ಷ ಕಾದು ನೋಡಿದ್ದು. ಈ ಉಪ್ಪು ಬಂತೆಂದು ಮಾತ್ರೆ ಬಿಡುವ ಜಾತಿಯ ಜನ ಇದ್ದಾರೆ, ಅವರಿಗೆ ಈ ಉಪ್ಪನ್ನು ನಾನು ಶಿಫಾರಸು ಮಾಡುವುದೇ ಇಲ್ಲ.

ಬೆಲೆಯ ಮಾತು. ತಿಂಗಳಿಗೆ ಒಂದು ಕಿಲೋ ಉಪ್ಪು ಬೇಕಾಗುವ ಮನೆಗೆ ಎರಡು ಪಟ್ಟು ಕೊಟ್ಟರೂ ಹೆಚ್ಚಿಗೆ ಬೀಳುವುದು ಒಂದು ಹೋಟೆಲ್ ದೋಸೆಯ ದುಡ್ಡು. ನನಗೆ ಅದು ಹೊರೆಯಲ್ಲ. ಆದರೆ ರೇಷನ್ ಅಂಗಡಿಯ ಅಕ್ಕಿಯಲ್ಲಿ ದಿನ ತಳ್ಳುವ ಮನೆಯವರು ಯಾಕೆ ಕೊಂಡಾರು? ಚೀನಾದಲ್ಲಿ ಪುಕ್ಕಟೆ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಬಿಸಿಯೂಟಕ್ಕಲ್ಲ, ಮಕ್ಕಳಿಗೆ ಇದು ಬೇಡ, ಆದರೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತದೊತ್ತಡದ ಮಾತ್ರೆ ಕೊಡುವಾಗ ಕಿಡ್ನಿ ಪರೀಕ್ಷೆ ಸರಿಯಿದ್ದವರಿಗೆ ಒಂದು ಪೊಟ್ಟಣ ಉಪ್ಪನ್ನೂ ಕೊಟ್ಟರೆ ಏನಾದೀತು ಎಂದು ನನಗೆ ಅನ್ನಿಸುತ್ತದೆ. ಅಡುಗೆಯವನ ಆಸೆ, ಅಷ್ಟೇ.

ಮಳೆಗಾಲದಲ್ಲಿ ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ದೂರು. ನಮ್ಮ ಕಡೆಯ ಆಷಾಢದಲ್ಲಿ ಪೊಟ್ಟಣ ಒಡೆದ ಮೂರನೇ ದಿನಕ್ಕೆ ಹೆಂಟೆ ಕಟ್ಟಿತು. ಗಾಜಿನ ಬಾಟಲಿಗೆ ಹಾಕಿ, ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಟ್ಟ ಮೇಲೆ ಪರವಾಗಿಲ್ಲ. ಪಿಂಗಾಣಿ ಭರಣಿಯ ಮುಚ್ಚಳ ಸಡಿಲವಿದ್ದರೆ ಅದರಲ್ಲಿ ಹಾಕಬೇಡಿ.

ಕುಮಟೆಯಲ್ಲಿ 15ರ ಬಗೆ ಈಗ ಹೆಚ್ಚಿನ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. 30ರದ್ದು ಕೇಳಿದರೆ ಮಾತ್ರ ತರಿಸಿಕೊಡುತ್ತಾರೆ, ಅದಕ್ಕೆ ವಾರ ಹಿಡಿಯುತ್ತದೆ. ಇರುವುದು ಮುಗಿಯುವ ಮೊದಲೇ ಹೇಳಿಡಿ, ಕೊಳ್ಳುವಾಗ ಮುಗಿಯುವ ದಿನಾಂಕ ನೋಡಿ. ನನಗೆ ಒಮ್ಮೆ ಹಳೆಯ ದಾಸ್ತಾನು ದಾಟಿಸಲು ನೋಡಿದರು, ಅಲ್ಲೇ ವಾಪಸು ಕೊಟ್ಟು ಬಂದೆ.